ಉತಾರ ಬರುವ ಹೊತ್ತನ್ನು ಅಳೆಯುವುದು ಹೇಗೆ?

ಮುಂಗಾರು ಬಿತ್ತನೆ ಹತ್ತಿರವಾದಂತೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಪ್ರಾಥಮಿಕ ಕೃಷಿ ಪತ್ತಿನ (ಪಿಕೆಪಿಎಸ್) ಸಂಘಗಳಿಗೆ ಬೆಳೆಸಾಲದ ಅರ್ಜಿಗಳು ಒಂದರ ಮೇಲೊಂದು ಬರುತ್ತವೆ. ಅರ್ಜಿಯ ಜೊತೆ ಹೊಲದ ಉತಾರ, ಅಂದರೆ ಪಹಣಿ ಬೇಕು. ಅದೇ ವಾರ ರಾಜ್ಯದ ಉಳಿದ ತಾಲೂಕುಗಳಲ್ಲೂ ಅದೇ ಬೇಡಿಕೆ. ಕಂಪ್ಯೂಟರ್ ಮುಂದೆ ಕುಳಿತವರು ಗ್ರಾಮ, ಸರ್ವೆ ನಂಬರ್, ಹಿಸ್ಸಾ ತುಂಬಿ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಪಾಳಿಯಲ್ಲಿ ನಿಂತವರಿಗೆ ಸಿಗುವ ಉತ್ತರ ‘ಸರ್ವರ್ ಇಲ್ಲ’. ಈ ಒಂದು ಉತ್ತರದ ಹಿಂದೆ ಕನಿಷ್ಠ ಐದು ಬಗೆಯ ವಿಳಂಬಗಳಿವೆ. ಯಾವುದು ಎಷ್ಟು ಹೊತ್ತು ತಿಂದಿತೆಂದು ಬಿಡಿಸಿ ಅಳೆಯದ ಹೊರತು ಎಂಥ ಎಂಜಿನಿಯರ್ ಬಂದರೂ ಅದು ಸರಿಹೋಗುವುದಿಲ್ಲ.

2000ದಲ್ಲಿ ಶುರುವಾದ ‘ಭೂಮಿ’ ಯೋಜನೆ ಕೆಲವೇ ವರ್ಷಗಳಲ್ಲಿ ಆಗಿನ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆರಂಭದಲ್ಲಿ ದಾಖಲೆ ಇದ್ದದ್ದು ತಾಲೂಕು ಕಚೇರಿಯ ಯಂತ್ರದಲ್ಲೇ. ಅಲ್ಲಿಗೇ ಹೋಗಿ 15 ರೂಪಾಯಿ ಕೊಟ್ಟು ಪಡೆಯಬೇಕಿತ್ತು. ಯಂತ್ರ ಕೆಟ್ಟರೆ ಆ ತಾಲೂಕಷ್ಟೇ ನಿಲ್ಲುತ್ತಿತ್ತು. ಮುಂದೆ ದಾಖಲೆಗಳು ರಾಜ್ಯದ ದತ್ತಾಂಶ ಕೇಂದ್ರದಲ್ಲಿ ಒಟ್ಟಾದವು. ಈಗ ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ಉತಾರ ನೋಡಬಹುದು. ಇದು ದೊಡ್ಡ ಗೆಲುವು. ಆದರೆ ಎಲ್ಲರೂ ಒಂದೇ ಬಾಗಿಲಿಗೆ ಬಂದಾಗ ಆ ಬಾಗಿಲಲ್ಲಿ ಎಷ್ಟು ಹೊತ್ತು ಕಾಯಬೇಕೆಂಬುದು ಅಳೆದೇ ತಿಳಿಯಬೇಕಾದ ಸಂಗತಿಯಾಯಿತು.

ದತ್ತಾಂಶ ಕೋಶಕ್ಕೆ ಕೇಳುವ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ. ಮೂಡಲಗಿಯಿಂದ ಹೊರಟ ಕ್ವೆರಿ ಮೊದಲು ಜಾಲದಲ್ಲಿ ಸಾಗಬೇಕು. ತಲುಪಿದ ಮೇಲೆ ತನ್ನ ಪಾಳಿಗಾಗಿ ಕಾಯಬೇಕು. ಪಾಳಿ ಬಂದಾಗ ಉತ್ತರವನ್ನು ಯಾವ ದಾರಿಯಲ್ಲಿ ಹುಡುಕಬೇಕೆಂದು ಯಂತ್ರ ಯೋಜನೆ ಹಾಕುತ್ತದೆ. ಆಮೇಲೆ ಡಿಸ್ಕಿನಿಂದ ದಾಖಲೆ ಓದುತ್ತದೆ. ಕೊನೆಗೆ ಉತ್ತರ ಮತ್ತೆ ಜಾಲ ಹಿಡಿದು ಮರಳುತ್ತದೆ. ದೂರದ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಕ್ಲೌಡ್ ಸೇವೆಗಳು ತಮ್ಮೊಳಗೆ ನಡೆಯುವ ಹಂತಗಳ ಲೆಕ್ಕವನ್ನು ಮಿಲಿಸೆಕೆಂಡುಗಳಲ್ಲಿ ಬರೆದಿಡುತ್ತವೆ. ಓದುವುದಕ್ಕೆ ಹಿಡಿದ ಹೊತ್ತು ಎಂದಿನಷ್ಟೇ ಇದ್ದು ಪಾಳಿಯ ಹೊತ್ತು ಮಾತ್ರ ಬೆಳೆದಿದ್ದರೆ ಯಂತ್ರಗಳ ಸಂಖ್ಯೆ ಸಾಲದಿರಬಹುದು. ಓದುವ ಹೊತ್ತೇ ಬೆಳೆದಿದ್ದರೆ ಇನ್ನಷ್ಟು ಯಂತ್ರ ತಂದು ಸುರಿಯುವುದು ದುಡ್ಡು ದಂಡ. ಆಗ ಹುಡುಕುವ ದಾರಿಯೇ ತಪ್ಪಿರಬಹುದು.

ಆ ದಾರಿಯ ಕಥೆ ಸೊಗಸಾದದ್ದು. 1970ರಲ್ಲಿ ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ‘ಬಿ-ಟ್ರೀ’ ಎಂಬ ಸೂಚಿಯ (ಇಂಡೆಕ್ಸ್) ರಚನೆಯನ್ನು ಮುಂದಿಟ್ಟರು. ಸೂಚಿಯ ಪ್ರತಿ ಪುಟದಿಂದ ನೂರು ಕವಲು ಒಡೆಯುತ್ತವೆ ಎಂದುಕೊಂಡರೆ ನಾಲ್ಕು ಹೆಜ್ಜೆಯಲ್ಲಿ 10 ಕೋಟಿ ದಾಖಲೆಗಳಲ್ಲಿ ಬೇಕಾದ ಒಂದನ್ನು ಮುಟ್ಟಬಹುದು. ಸರ್ವೆ ನಂಬರ್ ಕೊಟ್ಟು ಕೇಳಿದರೆ ಉತಾರ ಕ್ಷಣದಲ್ಲಿ ಸಿಗಬೇಕಾದದ್ದು ಇದರಿಂದಲೇ. ಆದರೆ ಹೆಸರಿನ ನಡುವೆ ಎಲ್ಲಾದರೂ ‘ಪಾಟೀಲ’ ಎಂದಿರುವ ಎಲ್ಲ ಖಾತೆದಾರರನ್ನು ಕೊಡು ಎಂದರೆ ಈ ಸೂಚಿ ನೆರವಿಗೆ ಬಾರದು. ಸಾಲು ಸಾಲಾಗಿ ಎಲ್ಲವನ್ನೂ ಓದಬೇಕು. ಗೂಗಲ್‌ನ ಬಿಗ್‌ಕ್ವೆರಿಯಂಥ ಸೇವೆಯಲ್ಲಿ ಓದಿದ ದತ್ತಾಂಶದ ಗಾತ್ರಕ್ಕೆ ತಕ್ಕಂತೆ ಶುಲ್ಕ ಹಾಕುವ ಪದ್ಧತಿಯೂ ಇದೆ. ಆದ್ದರಿಂದ ಗಡಿಯಾರದ ಜೊತೆಗೆ, ಒಂದು ಉತ್ತರಕ್ಕಾಗಿ ಎಷ್ಟು ಓದಿತು ಎಂಬುದನ್ನೂ ಅಳೆಯಬೇಕು.

ದಾರಿ ಆರಿಸುವ ಕೆಲಸ ಯಂತ್ರದ್ದೇ. ಐಬಿಎಂನ ಪೆಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಯಂತ್ರ ಒಂದೊಂದು ದಾರಿಗೂ ತಗಲುವ ಖರ್ಚನ್ನು ಮೊದಲೇ ಅಂದಾಜು ಮಾಡುತ್ತದೆ. ಅಂದಾಜಿಗೆ ಆಧಾರ, ಯಾವ ಕಡೆ ಎಷ್ಟು ದಾಖಲೆಗಳಿವೆ ಎಂಬ ಅಂಕಿಸಂಖ್ಯೆ. ಗೋಕಾಕದಿಂದ ಮೂಡಲಗಿ ಬೇರೆ ತಾಲೂಕಾದಂಥ ಸಂದರ್ಭವನ್ನು ಯೋಚಿಸಿ. ದಾಖಲೆಗಳು ಹೊಸ ತಾಲೂಕಿನ ಹೆಸರಿಗೆ ಹೋದರೂ ಒಳಗಿನ ಅಂಕಿಸಂಖ್ಯೆ ಹಳೆಯದೇ ಉಳಿದರೆ, ಮೂಡಲಗಿಯಲ್ಲಿ ಏನೂ ಇಲ್ಲವೆಂದು ನಂಬಿದ ಯಂತ್ರ ಲಕ್ಷಾಂತರ ಸಾಲುಗಳಿಗೆ ಒಗ್ಗದ ದಾರಿ ಹಿಡಿಯಬಹುದು. ಅನುಭವಿಗಳು ಮೊದಲು ನೋಡುವುದೂ ಇದನ್ನೇ: ಎಷ್ಟು ಸಾಲು ಸಿಗುತ್ತದೆಂದು ಯಂತ್ರ ಎಣಿಸಿತ್ತು, ನಿಜಕ್ಕೂ ಸಿಕ್ಕಿದ್ದೆಷ್ಟು.

ಇನ್ನು ಸರಾಸರಿಯ ಮಾತು. ನೂರು ಕ್ವೆರಿಗಳಲ್ಲಿ 95ಕ್ಕೆ 0.2 ಸೆಕೆಂಡು, ಉಳಿದ ಐದಕ್ಕೆ 20 ಸೆಕೆಂಡು ಹಿಡಿಯಿತು ಎನ್ನೋಣ. ಸರಾಸರಿ 1.19 ಸೆಕೆಂಡು. ವರದಿಯಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ, ಆದರೆ ಆ ನೂರು ಜನರಲ್ಲಿ 1.19 ಸೆಕೆಂಡು ಕಾದವರು ಒಬ್ಬರೂ ಇಲ್ಲ. ಧುಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಲುವೆಗೆ ಬಿಟ್ಟ ನೀರಿನ ಸರಾಸರಿ ಎಷ್ಟೇ ಇರಲಿ, ಟೇಲ್‌ಎಂಡಿನ ಹೊಲಕ್ಕೆ ನೀರು ಮುಟ್ಟಿತೇ ಎಂಬುದೇ ಪ್ರಶ್ನೆ. ದತ್ತಾಂಶ ಶಾಸ್ತ್ರದವರೂ ಆ ತುದಿಯನ್ನೇ ನೋಡುತ್ತಾರೆ. ವ್ಯವಹಾರಗಳ ವೇಗಕ್ಕೆ ಅಳತೆಗೋಲು ರೂಪಿಸಿದ ಜಿಮ್ ಗ್ರೇ ಮತ್ತು ಸಂಗಡಿಗರು 1985ರಲ್ಲೇ, ನೂರಕ್ಕೆ 95 ವ್ಯವಹಾರಗಳು ಒಂದು ಸೆಕೆಂಡಿನೊಳಗೆ ಮುಗಿಯಬೇಕೆಂಬ ಷರತ್ತು ಇಟ್ಟಿದ್ದರು. ಕ್ಲೌಡ್ ಬಂದ ಮೇಲೆ ತುದಿ ಇನ್ನೂ ಮುಖ್ಯವಾಯಿತು, ಏಕೆಂದರೆ ಒಂದೇ ಕ್ವೆರಿ ನೂರಾರು ಯಂತ್ರಗಳಿಗೆ ಹಂಚಿಹೋಗಬಹುದು. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಒಂದು ಲೆಕ್ಕ ಕೊಟ್ಟರು. ಪ್ರತಿ ಯಂತ್ರವೂ ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ತಡಮಾಡುತ್ತದೆ ಎಂದುಕೊಳ್ಳಿ. ನೂರು ಯಂತ್ರಗಳನ್ನು ಕೇಳಬೇಕಾದ ಕ್ವೆರಿಗಳಲ್ಲಿ ಶೇಕಡಾ 63ರಷ್ಟು ತಡವಾಗುತ್ತವೆ. ಎಲ್ಲ ಯಂತ್ರಗಳ ಉತ್ತರ ಬರುವ ತನಕ ಕಾಯಬೇಕಲ್ಲ!

ಅಳತೆ ಮೋಸ ಹೋಗುವ ಜಾಗಗಳೂ ಇವೆ. ಅದೇ ಉತಾರವನ್ನು ಎರಡನೇ ಸಲ ಕೇಳಿದರೆ ನೆನಪಿನಲ್ಲಿಟ್ಟ ಉತ್ತರವೇ ಥಟ್ಟನೆ ಬಂದೀತು. ಆ ಅಳತೆ ಹುಡುಕಾಟದ್ದಲ್ಲ. ಹಾಗಾಗಿ ಪರೀಕ್ಷೆಯ ಹೊತ್ತಿನಲ್ಲಿ ಈ ನೆನಪನ್ನು, ಅಂದರೆ ಕ್ಯಾಶನ್ನು, ಬಂದ್ ಮಾಡುತ್ತಾರೆ. ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಸರ್ವರ್ ತನ್ನೊಳಗೆ ಬಂದ ಕ್ವೆರಿಗಳನ್ನಷ್ಟೇ ಎಣಿಸುತ್ತದೆ. ಪುಟವೇ ತೆರೆಯದೆ, ಬೇಸತ್ತು ಬಸ್ ಹಿಡಿದು ಊರಿಗೆ ಮರಳಿದವರು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅತಿ ಕೆಟ್ಟ ದಿನದಂದು ಅತಿ ಹೆಚ್ಚು ಜನ ಲೆಕ್ಕದಿಂದ ಜಾರಿಹೋಗುತ್ತಾರೆ. ಅಂಕಿಗಳು ಆ ದಿನವೇ ಚೆನ್ನಾಗಿ ಕಾಣಬಹುದು. ಇದಕ್ಕಿರುವ ಉಪಾಯ, ಹೊರಗಿನಿಂದ ಅಳೆಯುವುದು. ಹುಕ್ಕೇರಿಯ ಒಂದು ಕಂಪ್ಯೂಟರ್ ನಿಮಿಷಕ್ಕೊಮ್ಮೆ ತಾನೇ ಒಂದು ಕ್ವೆರಿ ಕಳಿಸಿ, ಉತ್ತರ ಬಾರದಿದ್ದರೆ ಅದನ್ನೂ ಬರೆದಿಡಬೇಕು.

ದಿನವೂ ಅಳೆದಿಟ್ಟರೆ ಇನ್ನೊಂದು ಲಾಭವೂ ಇದೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ನಕಲಿ ಮನವಿಗಳ ದಾಳಿಗೆ ಸಿಕ್ಕಿ ತತ್ತರಿಸಿ, ಜನರ ನೋಂದಣಿ ಕೆಲಸ ನಿಂತಿತು. ಅಂಥ ಹೊತ್ತಿನಲ್ಲಿ ಇದು ಜನದಟ್ಟಣೆಯೋ ದಾಳಿಯೋ ಎಂದು ತಿಳಿಯಲು ಹಂತ ಹಂತದ ಅಳತೆ ನೆರವಾಗುತ್ತದೆ, ಅದೂ ನಿನ್ನೆಮೊನ್ನೆಯ ಸಾಮಾನ್ಯ ದಿನಗಳ ಅಂಕಿಗಳು ಕೈಯಲ್ಲಿದ್ದರೆ.

ಹೊತ್ತಿಗೆ ಸರಿಯಾಗಿ ಸೇವೆ ಪಡೆಯುವ ಹಕ್ಕನ್ನು 2011ರ ‘ಸಕಾಲ’ ಕಾಯ್ದೆ ಕರ್ನಾಟಕದ ಜನರಿಗೆ ಕೊಟ್ಟಿದೆ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ. ಆದರೆ ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾದ ಮೇಲೆ. ಅರ್ಜಿಯ ಪುಟ ತೆರೆಯಲು ಹೋದ ಬೆಳಗ್ಗೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗೆ ಬೇರೆ ಬೇರೆಯಾಗಿ, ಹೊರಗಿನಿಂದ ಅಳೆದ, ನೂರರಲ್ಲಿ ಕೊನೆಯ ಐವರು ಕಾದ ಹೊತ್ತನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕು, ಮೊದಲು ಜೂನ್ ತಿಂಗಳದ್ದು.