ಡುಮ್ಮಿ ಅಳುತ್ತಾಳೆ, ಕಡ್ಡಿ ಪೈಲ್ವಾನ ನಗುತ್ತಾನೆ

ರಜೆಗೆ ಊರಿಗೆ ಹೋದರೆ ಕಾಫಿ ಬರುವ ಮೊದಲೇ ಮೈಮೇಲಿನ ಮಾತು ಬರುತ್ತದೆ. "ಏನೇ, ಮುಂಬೈಗೆ ಹೋಗಿ ಇಷ್ಟು ದಪ್ಪ ಆಗಿದ್ದೀಯ?" "ಇವನೇನು, ಗಾಳಿ ಬಂದರೆ ಹಾರಿಹೋಗ್ತಾನೆ!" ಹೇಳಿದವರಿಗೆ ಅದು ಸಲಿಗೆ. ಕೇಳಿಸಿಕೊಂಡ ಮಕ್ಕಳು ಅದನ್ನು ರೈಲಿನಲ್ಲಿ ಹೊತ್ತು ತರುತ್ತಾರೆ.

ನನಗೆ ಹೈಸ್ಕೂಲಿನ ಮಗಳು, ಕಾಲೇಜಿನ ಮಗ. ಒಂದೇ ಬಗೆಯ ಚುಡಾಯಿಕೆ ಇಬ್ಬರಲ್ಲಿ ಬೇರೆ ಬೇರೆ ದಾರಿ ಹಿಡಿದದ್ದನ್ನು ಕಂಡಿದ್ದೇನೆ. 'ಡುಮ್ಮಿ' ಅನ್ನಿಸಿಕೊಂಡ ಮಗಳು ರಾತ್ರಿ ಊಟ ಬಿಟ್ಟಳು, ಗೆಳತಿಯರ ಜೊತೆ ಫೋಟೊಗೆ ನಿಲ್ಲುವುದನ್ನೂ ಬಿಟ್ಟಳು. ಆದರೆ ಒಂದು ದಿನ ಅತ್ತು ಎಲ್ಲ ಹೇಳಿಕೊಂಡಳು. 'ಕಡ್ಡಿ ಪೈಲ್ವಾನ' ಅನ್ನಿಸಿಕೊಂಡ ಮಗ ಎಲ್ಲರ ಜೊತೆ ತಾನೂ ನಕ್ಕ. ಆಮೇಲೆ ಜಿಮ್ ಸೇರಿದ, ಪ್ರೋಟೀನ್ ಡಬ್ಬ ತಂದ, ಸೆಕೆಯಲ್ಲೂ ತುಂಬುತೋಳಿನ ಅಂಗಿಯನ್ನೇ ಹಾಕತೊಡಗಿದ. "ಬೇಜಾರಾಯ್ತೇನೋ?" ಎಂದರೆ "ಏನಿಲ್ಲಮ್ಮ".

ಹುಡುಗಿಯ ಮೈಬಣ್ಣ, ತೂಕಗಳನ್ನು ನಾವು ಅವಳ ಮದುವೆಗೆ ಗಂಟು ಹಾಕಿದ್ದೇವೆ. ವಧುವರರ ಜಾಹೀರಾತಿನ 'ಗೋಧಿ ಬಣ್ಣ' ಅಲ್ಲಿಂದಲೇ ಬಂದದ್ದು. ಹುಡುಗನಿಗೆ ಎತ್ತರ, ತೋಳು, ತಲೆಗೂದಲಿನ ಲೆಕ್ಕ. ಜೊತೆಗೆ ನೊಂದುಕೊಂಡರೆ 'ಹೆಣ್ಣಿಗ' ಎಂಬ ಎರಡನೇ ಪೆಟ್ಟು. ಮಾರುಕಟ್ಟೆಗೆ ಇಬ್ಬರ ಅಳುಕೂ ಗೊತ್ತು. 1975ರಲ್ಲಿ ಹೆಣ್ಣುಮಕ್ಕಳಿಗೆಂದು ಫೇರ್ ಅಂಡ್ ಲವ್ಲಿ ಬಂತು, 2005ರಲ್ಲಿ ಗಂಡಸರಿಗೆಂದೇ ಫೇರ್ ಅಂಡ್ ಹ್ಯಾಂಡ್‌ಸಮ್ ಬಂತು. ಮೊದಲನೆಯದರ ಹೆಸರಿನಿಂದ 'ಫೇರ್' ಬಿದ್ದುಹೋದದ್ದು 2020ರಲ್ಲಿ.

ಊಟ ಬಿಡುವ ಹುಡುಗಿಯ ಸಂಕಟವನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಎಷ್ಟು ಮೈಕಟ್ಟಿದ್ದರೂ ಕನ್ನಡಿಯಲ್ಲಿ ಬಡಕಲಾಗಿಯೇ ಕಾಣುವ ಹುಡುಗನ ಸಂಕಟಕ್ಕೆ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 'ಮಸಲ್ ಡಿಸ್ಮಾರ್ಫಿಯಾ' ಎಂಬ ಹೆಸರಿಟ್ಟದ್ದು 1997ರಲ್ಲಿ. ಜಿಮ್‌ಗೆ ಹೋಗುವವರೆಲ್ಲ ರೋಗಿಗಳಲ್ಲ. ಆದರೆ ಒಂದು ದಿನ ತಪ್ಪಿದರೆ ಚಡಪಡಿಕೆ, ಜನರ ಮುಂದೆ ಬರಲು ಹಿಂಜರಿಕೆ, ನಿದ್ದೆಗೇಡು ಕಂಡರೆ ಅದನ್ನು ಶೋಕಿ ಎಂದು ತಳ್ಳಿಹಾಕಬಾರದು.

ಅತ್ತವಳನ್ನು ಕೂರಿಸಿ ಕೇಳುತ್ತೇವೆ. ನಕ್ಕವನನ್ನೂ ಹಾಗೆಯೇ ಕೇಳಬೇಕು, ಒಮ್ಮೆ ಕೇಳಿ ಸುಮ್ಮನಾಗಬಾರದು. ನೆಂಟರು ಮಾತು ತೆಗೆದಾಗ "ಅತ್ತೆ, ಮೈ ವಿಷಯ ಬೇಡ, ಓದಿನ ವಿಷಯ ಕೇಳಿ" ಎಂದು ಮಕ್ಕಳೆದುರಿಗೇ ಹೇಳಬಹುದು, ನಾನು ಹೇಳುತ್ತೇನೆ. ಮನೆಯ ಮಾತಿಗೆ ಬಗ್ಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ: 14416. ಹಗಲು ರಾತ್ರಿ ಉಚಿತ. ಪರಊರಿನಲ್ಲಿದ್ದರೂ ಕನ್ನಡದಲ್ಲೇ ಮಾತನಾಡಬಹುದು.