ಇಮಾಮ್ ಗಝಾಲಿಯವರ ನಾಲಗೆ ನಿಂತ ದಿನ

ಇಶಾ ನಮಾಝ್ ಮುಗಿದು ಎಲ್ಲರೂ ಮನೆಗೆ ಹೋಗಿಯಾಗಿತ್ತು. ಮಸೀದಿಯ ಮೆಟ್ಟಿಲಲ್ಲಿ ಒಬ್ಬ ಯುವಕ ಮಾತ್ರ ಕೂತಿದ್ದ. ನಮ್ಮ ಮದ್ರಸದಲ್ಲೇ ಕಲಿತವನು. ಗಲ್ಫ್‌ನಲ್ಲಿ ಒಳ್ಳೆಯ ಕೆಲಸ, ರಜೆಗೆ ಬಂದಿದ್ದ. ನಮ್ಮನ್ನು ಕಂಡು ಎದ್ದು ನಿಂತು ಸಲಾಂ ಹೇಳಿದ. ಆಮೇಲೆ ತಲೆ ತಗ್ಗಿಸಿ ಕೇಳಿದ: "ಉಸ್ತಾದ್, ಮನೆ ಕಟ್ಟಿದೆ, ತಂಗಿಯ ಮದುವೆ ಮಾಡಿದೆ. ನಮಾಝ್ ಸಹ ಬಿಟ್ಟಿಲ್ಲ. ಆದ್ರೆ ಒಳಗೆ ಎಲ್ಲ ಖಾಲಿ ಖಾಲಿ. ಇದೆಲ್ಲ ಯಾಕೆ ಅಂತಲೇ ಗೊತ್ತಾಗ್ತಾ ಇಲ್ಲ. ನನ್ನ ಈಮಾನ್ ಹೋಯ್ತಾ?"

ನಾವು ಅವನ ಬೆನ್ನು ತಟ್ಟಿದೆವು. "ಅದು ಶೈತಾನನ ವಸ್‌ವಾಸ್ ಮೋನೇ, ಇಸ್ತಿಗ್‌ಫಾರ್ ಹೆಚ್ಚು ಮಾಡು" ಎಂದು ಹೇಳಿ ಕಳಿಸಿದೆವು. ಹೇಳಿದ್ದು ತಪ್ಪಲ್ಲ. ಆದರೆ ಮರುದಿನ ಅವನು ಜಮಾಅತ್‌ಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಗ ನಮ್ಮ ಎದೆಯೊಳಗೆ ಚುಚ್ಚಿತು. ಅವನು ಮಾತಾಡಲಿಕ್ಕೆ ಬಂದಿದ್ದ, ನಾವು ಮಾತು ಮುಗಿಸಿ ಕಳಿಸಿದ್ದೆವು.

ಆ ರಾತ್ರಿ ನಮಗೆ ನೆನಪಾದದ್ದು ಇಮಾಮ್ ಗಝಾಲಿ(ರ). ಶಾಫಿಈ ಮದ್‌ಹಬ್‌ನವರಾದ ನಮ್ಮ ಮನೆಗಳಲ್ಲಿ ಈ ಹೆಸರು ಕೇಳದವರಿಲ್ಲ. 'ಇಹ್ಯಾ' ಗ್ರಂಥದ ಮಾತು ವಅಳ್‌ನಲ್ಲಿ ಬಂದೇ ಬರುತ್ತದೆ. ಆದರೆ ಅದನ್ನು ಬರೆಯುವ ಮೊದಲು ಆ ಮಹಾನುಭಾವರು ಯಾವ ಸಂಕಟದಿಂದ ಹಾದುಹೋದರು ಎಂದು ನಾವು ಮಕ್ಕಳಿಗೆ ಹೇಳುವುದು ಕಮ್ಮಿ.

ಅವರು ಹುಟ್ಟಿದ್ದು 1058ರಲ್ಲಿ, ಇರಾನಿನ ತೂಸ್‌ನಲ್ಲಿ. ನೀಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ ಶಿಷ್ಯರಾದರು. 1091ರಲ್ಲಿ ವಝೀರ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯ್ಯಾ ಮದ್ರಸಕ್ಕೆ ಮುದರ್ರಿಸ್ ಆಗಿ ನೇಮಿಸಿದ. ಆಗ ಪ್ರಾಯ ಮೂವತ್ತಮೂರು ಇರಬಹುದು. ಮುಂದೆ 300 ಮಂದಿ ವಿದ್ಯಾರ್ಥಿಗಳು. ಹಣ, ಹೆಸರು, ಅರಮನೆಯ ಮರ್ಯಾದೆ, ಯಾವುದಕ್ಕೂ ಕೊರತೆ ಇರಲಿಲ್ಲ.

ಒಳಗೆ ಮಾತ್ರ ಬೆಂಕಿ ಬಿದ್ದಿತ್ತು. ತನ್ನ ಬದುಕಿನ ಈ ಕಥೆಯನ್ನು ಅವರೇ 'ಅಲ್ ಮುನ್ಕಿದ್ ಮಿನ ದ್ದಲಾಲ್' ಎಂಬ ಕಿತಾಬಿನಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಮೊದಲೊಮ್ಮೆ ಸುಮಾರು ಎರಡು ತಿಂಗಳು, ಕಣ್ಣು ಕಂಡದ್ದನ್ನೂ ಬುದ್ಧಿ ಹೇಳಿದ್ದನ್ನೂ ನಂಬಬಹುದೇ ಎಂಬ ಸಂಶಯ ಹಿಡಿದಿತ್ತು. ಅದು ಬಿಟ್ಟದ್ದು ವಾದದಿಂದಲ್ಲ, ಅಲ್ಲಾಹನು ಎದೆಗೆ ಹಾಕಿದ ಬೆಳಕಿನಿಂದ ಎನ್ನುತ್ತಾರೆ. ಬಗ್ದಾದಿನಲ್ಲಿ ಬಂದ ಎರಡನೆಯ ಪರೀಕ್ಷೆ ಇನ್ನೂ ಕಠಿಣ. ನಾನು ಪಾಠ ಹೇಳುವುದು ಯಾರಿಗಾಗಿ ಎಂದು ತನ್ನನ್ನೇ ಕೇಳಿಕೊಂಡರು. ಅಲ್ಲಾಹನಿಗಾಗಿ ಎಂದು ಹೇಳಲಿಕ್ಕೆ ಆಗಲಿಲ್ಲ. ಹೆಸರಿನ ಆಸೆ ಕಂಡಿತು.

ಹಿಜರಿ 488ರ ರಜಬ್, ಅಂದರೆ 1095ರ ಜುಲೈಯಿಂದ ಸುಮಾರು ಆರು ತಿಂಗಳು ಒದ್ದಾಟ. ಬೆಳಿಗ್ಗೆ ಎಲ್ಲ ಬಿಟ್ಟು ಹೋಗಬೇಕು ಅಂತ ಮನಸ್ಸು, ಸಂಜೆಯಾಗುವಾಗ ಆ ಮನಸ್ಸು ಕರಗುವುದು. ಕೊನೆಗೊಂದು ದಿನ ಪಾಠಕ್ಕೆ ಕೂತರೆ ನಾಲಗೆ ಏಳಲಿಲ್ಲ. ಅಷ್ಟು ದೊಡ್ಡ ಆಲಿಮ್, ಒಂದು ಮಾತು ಆಡಲಾಗದೆ ಕೂತರು. ತುತ್ತು ಅನ್ನ ಇಳಿಯಲಿಲ್ಲ, ನೀರೂ ಸೇರಲಿಲ್ಲ. ವೈದ್ಯರು ನೋಡಿದರು. ಇದು ಹೃದಯದಿಂದ ಹೊರಟು ದೇಹಕ್ಕೆ ಇಳಿದದ್ದು, ಒಳಗಿನ ಚಿಂತೆ ಹೋಗದೆ ಮದ್ದು ಹಿಡಿಯದು ಎಂದು ಕೈಚೆಲ್ಲಿದರು.

ಆಗ ಅವರು ದಾರಿಯೇ ಇಲ್ಲದವನಂತೆ ಅಲ್ಲಾಹನ ಮೊರೆ ಹೋದರು. ಮಕ್ಕಳಿಗೆ ಬೇಕಾದಷ್ಟು ಇಟ್ಟು, ಉಳಿದ ಸಂಪತ್ತನ್ನು ಹಂಚಿ, ಬಗ್ದಾದ್ ಬಿಟ್ಟರು. ದಮಸ್ಕಸ್‌ನ ಮಸೀದಿಯ ಮಿನಾರದಲ್ಲಿ ಹಗಲಿಡೀ ಬಾಗಿಲು ಹಾಕಿ ಒಂಟಿಯಾಗಿ ಕೂತರು. ಅಲ್ಲಿಂದ ಬೈತುಲ್ ಮುಕದ್ದಸ್, ಆಮೇಲೆ ಹಜ್ಜ್. ಕೊನೆಗೆ ಮಕ್ಕಳ ನೆನಪು ಅವರನ್ನು ಊರಿಗೆ ಎಳೆದು ತಂದಿತು. ಹತ್ತು ವರ್ಷ ದಾಟಿದ ಮೇಲೆ, 1106ರಲ್ಲಿ, ನೀಶಾಪುರದಲ್ಲಿ ಪುನಃ ದರ್ಸ್‌ಗೆ ಕೂತರು. ಕೆಲಸ ಹಿಂದಿನದ್ದೇ, ನಿಯ್ಯತ್ ಮಾತ್ರ ಬೇರೆ. ಮೊದಲು ಕಲಿಸಿದ್ದು ಹೆಸರು ಗಳಿಸುವ ಇಲ್ಮ್, ಈಗ ಕಲಿಸುವುದು ಹೆಸರಿನ ಆಸೆ ಬಿಡಿಸುವ ಇಲ್ಮ್ ಎಂಬರ್ಥದಲ್ಲಿ ಬರೆದಿದ್ದಾರೆ. 1111ರಲ್ಲಿ ತೂಸ್‌ನಲ್ಲಿ ವಫಾತ್ ಆದರು.

ಇದರಿಂದ ನಮಗೆ ಎಂತ ಪಾಠ ಉಂಟು?

ಒಂದು, 'ಇದೆಲ್ಲ ಯಾಕೆ' ಎಂಬ ಪ್ರಶ್ನೆ ಬಂದ ಮಾತ್ರಕ್ಕೆ ಈಮಾನ್ ಹೋಯಿತೆಂದು ಅರ್ಥವಲ್ಲ. ಈಮಾನ್ ಇಲ್ಲದವನಿಗೆ ಅದು ಹೋದೀತೆಂಬ ಹೆದರಿಕೆ ಯಾಕೆ? ವಹ್ಯ್ ಸ್ವಲ್ಪ ಕಾಲ ನಿಂತಾಗ ಪ್ರವಾದಿ(ಸ)ಯವರ ಮನಸ್ಸೇ ನೊಂದಿತ್ತು. ಆಗ ಸಾಂತ್ವನವಾಗಿ ಇಳಿದ ಅದ್ದುಹಾ ಸೂರಃ ನಮ್ಮ ಸಣ್ಣ ಮಕ್ಕಳಿಗೂ ಬಾಯಿಪಾಠ.

ಎರಡು, ಇಮಾಮರು ಹೊರಟದ್ದು ಮಕ್ಕಳ ಖರ್ಚಿಗೆ ವ್ಯವಸ್ಥೆ ಮಾಡಿ. ಮನಸ್ಸು ಸರಿಯಿಲ್ಲ ಅಂತ ಹೆಂಡತಿ ಮಕ್ಕಳನ್ನು ದಾರಿಯಲ್ಲಿ ಬಿಡುವುದು ತಸವ್ವುಫ್ ಅಲ್ಲ. ನಮ್ಮಲ್ಲಿ ಎಲ್ಲರಿಗೂ ಎಲ್ಲ ಬಿಟ್ಟು ಹೋಗಲಿಕ್ಕೆ ಆಗುವುದೂ ಇಲ್ಲ. ಸುಬ್‌ಹಿಯ ನಂತರ ಮೊಬೈಲ್ ಮುಟ್ಟದೆ ಹತ್ತು ನಿಮಿಷ ಕೂತು, ಇವತ್ತಿನ ದುಡಿಮೆ ಯಾರಿಗಾಗಿ ಎಂದು ಕೇಳಿಕೊಂಡರೆ ನಮ್ಮಂಥವರ ಮಿನಾರ ಅದೇ.

ಮೂರು, ಅವರನ್ನು ವೈದ್ಯರು ನೋಡಿದ್ದಾರೆ. ನಮ್ಮಲ್ಲಿ ಇಂದಿಗೂ ನಿದ್ದೆ ಬಿಟ್ಟವನನ್ನು, ಊಟ ಬಿಟ್ಟವನನ್ನು 'ಕಣ್ಣು ತಾಗಿದೆ' ಎಂದು ನೂಲು ಕಟ್ಟಿಸಲಿಕ್ಕೆ ಕರೆದುಕೊಂಡು ಹೋಗುತ್ತೇವೆ, ಮನೋವೈದ್ಯರ ಹತ್ತಿರ ಹೋಗಲಿಕ್ಕೆ ನಾಚುತ್ತೇವೆ. ದುಆ ಬೇಕು, ಮದ್ದೂ ಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಂಟು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ನಾಳೆಗೆ ಇಡಬೇಡಿ, ಅವರನ್ನು ಒಬ್ಬರೇ ಬಿಡಬೇಡಿ.

ನಾಲ್ಕನೆಯದ್ದು ನಮಗೆ, ಉಸ್ತಾದರಿಗೆ. ಫತ್ವಾ ಕೇಳಲು ಬಂದವನು ಯಾರು, ಅಳಲು ಬಂದವನು ಯಾರು ಎಂದು ಗುರುತಿಸಲು ಕಲಿಯಬೇಕು.

ಮೂರನೇ ದಿನ ಅಸರ್ ಕಳೆದು ನಾವೇ ಆ ಯುವಕನ ಮನೆಗೆ ಹೋದೆವು. ಅವನ ಉಮ್ಮ ಚಾ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತರು. "ಅವತ್ತು ನಾವೇ ಮಾತಾಡಿದೆವು. ಇವತ್ತು ನೀನು ಹೇಳು" ಎಂದೆವು. ಮೊದಮೊದಲು ತಡವರಿಸಿದ. ಆಮೇಲೆ ಒಂದೊಂದೇ ಬಂತು: ಎಂಟು ವರ್ಷದ ಒಂಟಿ ರೂಮು, ಉಪ್ಪನ ಮಯ್ಯಿತ್ ನೋಡಲಾಗದ ಸಂಕಟ, ಹತ್ತಿರ ಬರಲು ಹೆದರುವ ಸ್ವಂತ ಮಗಳು. ಮಗ್ರಿಬ್ ಬಾಂಗ್ ಕೇಳುವವರೆಗೂ ಹೇಳಿದ. ನಾವು ಹೆಚ್ಚೇನೂ ಹೇಳಲಿಲ್ಲ.

ಅವನ ಎಲ್ಲ ಪ್ರಶ್ನೆ ಅಂದೇ ಮುಗಿಯಿತು ಎಂದು ನಾವು ಬರೆಯುವುದಿಲ್ಲ. ಮಂಗಳೂರಿನಲ್ಲಿ ವೈದ್ಯರನ್ನು ಕಂಡ, ರಜೆ ಒಂದು ತಿಂಗಳು ಮುಂದುವರಿಸಿದ. ಆ ತಿಂಗಳು ಮಗಳನ್ನು ಮದ್ರಸಕ್ಕೆ ಬಿಡಲು ದಿನಾ ಅವನೇ ಬರುತ್ತಿದ್ದ. ಮೊದಲ ವಾರ ಅವಳು ಅಜ್ಜಿಯ ಕೈ ಹಿಡಿದು ಬರುತ್ತಿದ್ದಳು, ಇವನು ಹಿಂದೆ. ಕೊನೆಯ ವಾರ ಅವನ ಕೈ ಹಿಡಿದಿದ್ದಳು.

ನಿಮ್ಮ ಮನೆಯಲ್ಲೂ ಯಾರಾದರೂ ಮೆಟ್ಟಿಲಲ್ಲಿ ಒಬ್ಬರೇ ಕೂತಿರಬಹುದು. ಇವತ್ತು ಇಶಾ ಆದ ಮೇಲೆ ಹತ್ತಿರ ಹೋಗಿ ಕೂತುಕೊಳ್ಳಿ. ಅಲ್ಲಾಹನು ನಮ್ಮೆಲ್ಲರ ಹೃದಯಕ್ಕೆ ನೆಮ್ಮದಿ ಕೊಡಲಿ, ಆಮೀನ್.