ಬೆಗೋನಿಯಾ ಬಾಡಿದರೆ ಮೊದಲು ಮಣ್ಣು ಮುಟ್ಟಿ

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ಒಂದು ಬೆಗೋನಿಯಾ ಕುಂಡ ಕೊಂಡು ತರುವವರು ಚಿಕ್ಕಬಳ್ಳಾಪುರದ ಕಡೆ ಬಹಳ ಮಂದಿ. ನಾನೂ ತಂದಿದ್ದೆ. ಹದಿನೈದು ದಿನ ನಳನಳಿಸಿದ ಗಿಡ ಒಂದು ಸಂಜೆ ಎಲೆ ಜೋತುಹಾಕಿಕೊಂಡು ನಿಂತಿತ್ತು. ಪಾಪ, ಬಾಯಾರಿದೆಯೆಂದು ಒಂದು ಚೊಂಬು ನೀರು ಹೊಯ್ದೆ. ಮರುದಿನವೂ ಬಾಡಿಯೇ ಇತ್ತು, ಮತ್ತೊಂದು ಚೊಂಬು. ಮೂರನೆಯ ದಿನ ಬುಡ ಕೊಳೆತು ಗಿಡ ಕೈಗೇ ಬಂತು. ಬೇರಿಗೂ ಉಸಿರಾಟವಿದೆ ಎಂದು ಮಕ್ಕಳಿಗೆ ವರ್ಷವರ್ಷವೂ ಪಾಠ ಹೇಳುವ ಮೇಷ್ಟ್ರ ಮನೆಯಲ್ಲಿ ನಡೆದದ್ದಿದು!

ಬಾಡುವುದಕ್ಕೆ ತದ್ವಿರುದ್ಧವಾದ ಎರಡು ಕಾರಣಗಳಿವೆ. ಮಣ್ಣು ಒಣಗಿದರೆ ಗಿಡ ಬಾಡುತ್ತದೆ, ಸರಿ. ಆದರೆ ಮಣ್ಣಿನ ಕಣಗಳ ನಡುವಣ ಗಾಳಿಯ ಜಾಗವನ್ನೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಗಟ್ಟುತ್ತದೆ. ಅಂಥ ಬೇರನ್ನು ಪಿಥಿಯಂನಂಥ ರೋಗಾಣುಗಳು ಕೊಳೆಸುತ್ತವೆ. ಕೊಳೆತ ಬೇರು ನೀರು ಹೀರಲಾರದು. ನೀರಿನ ನಡುವೆಯೇ ಗಿಡಕ್ಕೆ ಬಾಯಾರಿಕೆ! ಆದ್ದರಿಂದ ಚೊಂಬು ಎತ್ತುವ ಮೊದಲು ಬೆರಳನ್ನು ಒಂದಂಗುಲ ಮಣ್ಣಿಗೆ ಇಳಿಸಿ. ಒಣಗಿದ್ದರೆ ಮಾತ್ರ ನೀರು. ಒದ್ದೆಯಿದ್ದೂ ಬಾಡಿದ್ದರೆ ನೀರು ನಿಲ್ಲಿಸಿ, ಕೊಳೆಯದ ತುದಿಯನ್ನು ಮೂರು ನಾಲ್ಕಂಗುಲ ಕತ್ತರಿಸಿ, ತೇವದ ಮರಳಿನಲ್ಲಿ ನೆಟ್ಟು ನೆರಳಲ್ಲಿಡಿ. ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ.

ನಮ್ಮ ಕೆಮ್ಮಣ್ಣನ್ನಷ್ಟೇ ಕುಂಡಕ್ಕೆ ತುಂಬಿದರೆ ಗಟ್ಟಿಯಾಗಿ ಕೂರುತ್ತದೆ. ಮಣ್ಣು, ಮರಳು, ಎಲೆಗೊಬ್ಬರ ಸಮಪಾಲು ಬೆರೆಸಿ. ಕುಂಡದ ತಳದ ತಟ್ಟೆಯಲ್ಲಿ ನೀರು ನಿಲ್ಲದಿರಲಿ.

1,478 ಮೀಟರ್ ಎತ್ತರದ ನಂದಿ ಬೆಟ್ಟದ ತಂಪು ಬೆಗೋನಿಯಾಕ್ಕೆ ಹಿತ. ಕೆಳಗೆ ಗೌರಿಬಿದನೂರಿನ ಏಪ್ರಿಲ್ ಬಿಸಿಲಿನಲ್ಲಿ ಅದೇ ಗಿಡದ ಎಲೆಯಂಚು ಸುಟ್ಟಂತೆ ಕಂದುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಜಗಲಿ ಸಾಕು. ಕುಂಡದ ಹೊರಮೈಯಲ್ಲಿ ಬಿಳಿ ಪೊರೆ ಕಂಡರೆ ಅದು ಬೋರ್‌ವೆಲ್ ನೀರಿನ ಲವಣ. ಅದೂ ಎಲೆಯಂಚನ್ನು ಒಣಗಿಸಬಲ್ಲದು. ಮಳೆನೀರು ಹಿಡಿದಿಟ್ಟು ಹಾಕಿದರೆ ಒಳ್ಳೆಯದು.

ಎಲೆಯ ಮೇಲೆ ಹಿಟ್ಟು ಚೆಲ್ಲಿದಂತಿದ್ದರೆ ಬೂದಿ ರೋಗ. ದ್ರಾಕ್ಷಿ ಬೆಳೆಯುವ ನಮ್ಮವರಿಗೆ ಈ ಹೆಸರು ಹೊಸದಲ್ಲ, ಆದರೆ ಬೆಗೋನಿಯಾದ ಶಿಲೀಂಧ್ರ ಬೇರೆ. ಸೋಂಕಿದ ಎಲೆ ತೆಗೆದು, ಕುಂಡಗಳನ್ನು ದೂರ ದೂರ ಇಟ್ಟು ಗಾಳಿಯಾಡಲು ಬಿಡಿ. ನೀರು ತುಂಬಿದಂಥ ಮಸುಕು ಚುಕ್ಕೆ, ಸುತ್ತ ಹಳದಿ ಅಂಚು ಕಂಡರೆ ಬ್ಯಾಕ್ಟೀರಿಯಾದ ಗುಮಾನಿ ಪಡಬೇಕು. ಎಲೆಯ ಮೇಲೆ ನೀರು ಚಿಮುಕಿಸುವ ಅಭ್ಯಾಸವನ್ನು ಅಂದೇ ಬಿಡಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓದುಗರಿಗೆ ಒಂದು ಮಾತು. ಎಲೆಯ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡೊಡನೆ ಕೀಟನಾಶಕದ ಬಾಟಲಿಗೆ ಕೈ ಹಾಕಬೇಡಿ. ಜಗಲಿಯಲ್ಲಿ ಸಿಂಪಡಿಸಿದ್ದು ಗಾಳಿಯಲ್ಲಿ ತೇಲಿ ರೇಷ್ಮೆ ಹುಳು ಸಾಕುವ ಮನೆಗೋ, ತಂದಿಟ್ಟ ಹಿಪ್ಪುನೇರಳೆ ಸೊಪ್ಪಿಗೋ ತಗುಲಿದರೆ ಹುಳುಗಳೇ ಸಾಯುತ್ತವೆ. ಒಂದು ಹೂಕುಂಡಕ್ಕಾಗಿ ಇಡೀ ಬೆಳೆ ಹೋದೀತು! ಸಾಬೂನು ನೀರಿನಲ್ಲಿ ಅದ್ದಿದ ಹತ್ತಿಯಿಂದ ತಿಗಣೆಯನ್ನು ಒರೆಸಿ ತೆಗೆಯಿರಿ. ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ ನೋಡಿ, ಮರಿಗಳು ಉಳಿದಿರುತ್ತವೆ.